ದೇವರ ಗೂಡಿನಲ್ಲಿಟ್ಟ ಡಬ್ಬಿ

ಮಹಡಿ ಮನೆ ಮೇಷ್ಟ್ರ ಬಲಗೈ ಹೆಬ್ಬೆರಳಿನ ಉಗುರು ಬೆಸುಗೆಯ ಕಾವಿಗೆ ಸುಟ್ಟು ಕಪ್ಪಗೆ, ಕೊಂಬಿನ ಹಾಗೆ ಗಟ್ಟಿಯಾಗಿತ್ತು. ಅದರಿಂದಲೇ ಬಾಗಿಲು ತಟ್ಟುತ್ತಿದ್ದರು, ಎರಡೇ ಸಲ. ಶ್ರೀರಾಂಪುರದ ಬಾಡಿಗೆ ಮನೆಯಲ್ಲಿ ಆ ಸದ್ದು ಕೇಳಿದರೆ ನಾನು ಒಲೆ ಆರಿಸಿ ಮೇಲೆ ಹೋಗುತ್ತಿದ್ದೆ.

ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿ ನಿವೃತ್ತರಾದವರು. ಕೈ ನಡುಗುತ್ತಿದ್ದರಿಂದ ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಡುವ ಕೆಲಸ ನನ್ನದು. ಅವರು ಅಳೆಯುತ್ತಿದ್ದದ್ದು ಹಳೆಯ ಶಿಷ್ಯರೊಬ್ಬರು ಮಾಡಿ ಕಳಿಸಿದ ಪುಟ್ಟ ಡಬ್ಬಿ. ಒಳಗೆ ಎರಡು ಲೋಹದ ನಡುವೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪದರ. ವೋಲ್ಟೇಜ್ ಏರಿಸಿದಾಗ ಕರೆಂಟು ಒಂದು ದಾರಿಯಲ್ಲಿ ಏರುತ್ತಿತ್ತು, ಇಳಿಸಿದಾಗ ಬೇರೆ ದಾರಿಯಲ್ಲಿ ಇಳಿಯುತ್ತಿತ್ತು. ತಂತಿ ಅದಲುಬದಲು ಮಾಡಿದರೂ ಹಾಗೇ. ಚುಕ್ಕಿ ಸೇರಿಸಿದರೆ ಸೊನ್ನೆಯಲ್ಲಿ ಗಂಟು ಬಿದ್ದ ರಂಗೋಲಿ ಎಳೆ.

"ಹಾದುಹೋದ ಕರೆಂಟನ್ನ ಇದು ನೆನಪಿಟ್ಕೊಳ್ಳುತ್ತೆ ಕಣಮ್ಮ, ಪವರ್ ತೆಗೆದ್ರೂ," ಅಂದರು. ಜೀವವಿಲ್ಲದ್ದಕ್ಕೆ ನೆನಪೇ ಅಂತ ನನ್ನ ಮೈ ಜುಂ ಅಂದಿತು.

ವರ್ಷಪೂರ್ತಿ ಕರೆಂಟಿಲ್ಲದೆ ಇಟ್ಟರೂ ನೆನಪು ಉಳಿಯುತ್ತದಾ, ಅದೊಂದು ನೋಡಿ ಹೋಗಬೇಕು ಅನ್ನುತ್ತಿದ್ದರು. ಹಾಗೆ ಇಟ್ಟು ವರ್ಷ ತುಂಬಲು ಒಂದೇ ದಿನವಿತ್ತು. ಆಯುಧಪೂಜೆ. ಮಾರನೆಯ ದಿನ ನೋಡಲೆಂದು ಡಬ್ಬಿಗೆ ತಂತಿ ಆಗಲೇ ಜೋಡಿಸಿಟ್ಟಿದ್ದರು. ನಾನು ಮೀಟರು ಒರೆಸಿ, ಅದರ ವೋಲ್ಟೇಜ್ ಏರಿಸುವ ತಿರುಪಿಗೆ ಕುಂಕುಮ ಇಟ್ಟು, ಮಂಗಳಾರತಿ ಆದ ಮೇಲೆ ಶಾಸ್ತ್ರಕ್ಕೆ ಒಂದು ಸಲ ಸ್ವಿಚ್ ಹಾಕಿದೆ. ಒರೆಸುವಾಗ ತಿರುಪು ಕೊನೆವರೆಗೂ ತಿರುಗಿಬಿಟ್ಟಿತ್ತು. ಮೀಟರಿನ ಮುಳ್ಳು ಒಮ್ಮೆ ಹಾರಿ ಸೊನ್ನೆಯ ಹತ್ತಿರ ಬಿತ್ತು.

ಮೇಷ್ಟ್ರು ಬಯ್ಯಲಿಲ್ಲ, ಅದು ಭಗವಂತನ ದಯೆ. "ಜೋರಾಗಿ ಕೇಳಿದ್ರೆ ಮರೆತ್ಬುಡುತ್ತೆ ಕಣಮ್ಮ. ಮೆಲ್ಲಗೆ ಕೇಳ್ಬೇಕು," ಅಂದರು.

ಮಾರನೆಯ ದಿನ ಮತ್ತೆ ಕರೆಂಟು ಹಾಯಿಸಿ, ಮುಳ್ಳು ನಿಂತ ಕಡೆ ಗಾಜಿಗೆ ಕಾಗದ ಅಂಟಿಸಿ ಪೆನ್ಸಿಲ್ ಗೆರೆ ಎಳೆದರು. ತಂತಿ ಬಿಚ್ಚಿ, ಇನ್ನೊಂದು ವರ್ಷ ಇಟ್ಟಿರಲೆಂದು ಡಬ್ಬಿ, ಮೀಟರು ಎರಡನ್ನೂ ನನ್ನ ಕೈಗೇ ಕೊಟ್ಟರು. ಯಾರೂ ಮುಟ್ಟದ ಜಾಗವೆಂದು ಡಬ್ಬಿಯನ್ನು ದೇವರ ಗೂಡಿನಲ್ಲಿಟ್ಟೆ.

ಸಂಕ್ರಾಂತಿಗೆ ಮೊದಲೇ ಮೇಷ್ಟ್ರು ಹೋಗಿಬಿಟ್ಟರು. ನಿದ್ದೆಯಲ್ಲೇ ಹೋದರು, ನರಳಲಿಲ್ಲ. ಆಮೇಲೆ ದೀಪ ಹಚ್ಚುವಾಗೆಲ್ಲ ಆ ಡಬ್ಬಿ ನನ್ನನ್ನೇ ನೋಡುತ್ತಿದೆ ಅನ್ನಿಸೋದು. ಅವರು ಹಾಯಿಸಿದ ಕೊನೆಯ ಕರೆಂಟು ಅದರೊಳಗೆ ಎಚ್ಚರವಾಗಿ ಕೂತಿರಬಹುದು. ಅದೂ ಅಳಿಸಿಹೋಗಿದ್ದರೆ ನನ್ನಿಂದ ಅವರಿಗೆ ಎರಡನೇ ವರ್ಷವೂ ಹಾಳು.

ವಿಜಯದಶಮಿ ಬೆಳಿಗ್ಗೆ ಸ್ನಾನ ಮಾಡಿ ತಂತಿ ಜೋಡಿಸಿದೆ. ತಿರುಪನ್ನು ಅವರು ಹೇಳಿಕೊಟ್ಟಷ್ಟೇ, ಎಳ್ಳಷ್ಟು ತಿರುಗಿಸಿದೆ. ಮುಳ್ಳು ನಿಧಾನವಾಗಿ ಎದ್ದು ಪೆನ್ಸಿಲ್ ಗೆರೆಯ ಮೇಲೆ ನಿಂತಿತು.

ಬೆನ್ನ ಹಿಂದೆ ಬಾಗಿಲು ತೆರೆದಿತ್ತು. ತಿರುಗಿ ನೋಡಲು ಧೈರ್ಯ ಬರಲಿಲ್ಲ.

"ಗೆರೆ ಮೇಲೇ ಇದೆ ಮೇಷ್ಟ್ರೇ," ಅಂದೆ. ಮೆಲ್ಲಗೆ.