ಸ್ಕಾಟ್ಲೆಂಡ್ ಹನುಮಂತರಾಯಪ್ಪ

ಪಕ್ಕದ ಮನೆಯ ಹನುಮಂತರಾಯಪ್ಪ ಹೆಂಡತಿ ಅಮ್ಮಯಮ್ಮನನ್ನು ಕರೆದುಕೊಂಡು, ಸ್ಕಾಟ್ಲೆಂಡಿನಲ್ಲಿ ನರ್ಸಾಗಿರುವ ಮಗಳು ಕೀರ್ತನಳನ್ನು ನೋಡಲು ಹೊರಟಿದ್ದಾನೆಂದು ಮಾರಕ್ಕ ಮೊದಲು ಕೇಳಿದ್ದು ಸಮೇತನಹಳ್ಳಿಯ ಹಾಲಿನ ಡೈರಿಯಲ್ಲಿ. ಅಲ್ಲಿ ಒಂದು ತಿಂಗಳು ತಿರುಗಾಡಿ ಬಂದವನಿಗೆ ಊರೇ ಹಿಡಿಸದಾಯಿತು. ಹೊಸಕೋಟೆ ಕೆರೆ ಕೋಡಿ ಬಿದ್ದರೆ, "ಇದೂ ಒಂದ್ ಕೆರೆನಾ? ಅಲ್ಲಿ ಕೆರೆ ನೋಡ್ಬೇಕು ನೀವು" ಎನ್ನುವನು. ಹನ್ನೊಂದು ಕೋಟೆ ನೋಡಿದ್ದಾನಂತೆ, ಒಂದರ ಹೆಸರೂ ಬಾಯಿಗೆ ಬಾರದು. ಮಂಕಿ ಕ್ಯಾಪು ಹಾಕಿ, ಕೋಟೆಯನ್ನು ತಾನೇ ಕಟ್ಟಿಸಿದವನಂತೆ ಸೊಂಟದ ಮೇಲೆ ಕೈಯಿಟ್ಟು ನಿಂತ ನಾನೂರು ಫೋಟೋಗಳನ್ನು ಸಿಕ್ಕಸಿಕ್ಕವರಿಗೆಲ್ಲ ತೋರಿಸುವನು. "ಇದ್ರಲ್ಲಿ ಅಮ್ಮಯಮ್ಮ ಎಲ್ಲಪ್ಪಾ?" ಎಂದು ಮಾರಕ್ಕ ಕೇಳಿದರೆ, "ಅವಳೂ ಬಂದು ನಿಂತ್ರೆ ಬ್ಯಾಗ್ ಕಾಯೋರ್ಯಾರು?" ಎಂದು ಮಾರಕ್ಕನನ್ನೇ ಕೇಳಿದ. ಹೊಸಕೋಟೆ ಬಸ್‌ಸ್ಟ್ಯಾಂಡಿನಲ್ಲಿ ಮಾಡುವಂತೆಯೇ ಅಲ್ಲೂ ಹೆಂಡತಿಯನ್ನು ಚಿತ್ರಾನ್ನದ ಬ್ಯಾಗಿನ ಪಕ್ಕ ಕೂರಿಸಿದ್ದ ಭೂಪ. "ಅಮ್ಮಾ, ನೀನೂ ಬಾ" ಎಂದು ಮಗಳು ಕರೆದಾಗಲೆಲ್ಲ ಇವನು ಹೆಂಡತಿಯತ್ತ ಕಣ್ಣು ಬಿಡುತ್ತಿದ್ದನಂತೆ. ಅಮ್ಮಯಮ್ಮ ಅದನ್ನೂ ನಗುನಗುತ್ತಲೇ ಮಾರಕ್ಕನಿಗೆ ಹೇಳಿದ್ದಳು. ಹೋದ ತಿಂಗಳು ಎದೆನೋವು ಬಂದು ಅವಳು ತೀರಿಕೊಂಡಳು. ತಿಥಿಯ ಹಿಂದಿನ ದಿನ ಹನುಮಂತರಾಯಪ್ಪ ಮಾರಕ್ಕನ ಜಗಲಿಯ ಕೆಳಗೆ ಬಂದು, ಹತ್ತಿ ಕೂರದೆ ನಿಂತೇ ಇದ್ದ. "ಹೂವ ಹಾಕಕ್ಕೆ ಫೋಟೋ ಬೇಕು ಮಾರಕ್ಕ. ಪಾಸ್‌ಪೋರ್ಟಿಂದು ಒಂದೇ ಇರೋದು, ಅದ್ರಲ್ಲಿ ಹೆದರ್ಕೊಂಡಂಗವ್ಳೆ. ನಿಮ್ಮನೆ ಮದ್ವೆ ಆಲ್ಬಮ್ ಒಂದ್ಸಲ ತೆಗಿ, ಅವಳು ನಗ್ತಿರೋದು ಎಲ್ಲಾದ್ರೂ ಸಿಗ್ತದಾ ನೋಡಣ."