ಬಸ್ಸಿನಲ್ಲಿ ನನ್ನ ಬಾಯಿ ಗಣಪನದ್ದು

ಗಣಪನನ್ನು ನಂಬಿದ ನಿಮಗೆಲ್ಲ ಕ್ಯಾಲನೂರು ಕಡೆಯ ಮುನಿಯಮ್ಮ ಕೈಮುಗಿದು ಹೇಳುವುದು ಇದು. ನನಗೆ ಅಕ್ಷರ ಅಷ್ಟಕ್ಕಷ್ಟೆ. ನಾನು ಹೇಳಿದ್ದನ್ನು ಸೊಸೆ ರತ್ನ ಬರೆಯುತ್ತಿದ್ದಾಳೆ. ನಮ್ಮ ಕಷ್ಟವೂ ಇಂಥ ಬರವಣಿಗೆಯದ್ದೇ.

ರತ್ನಳ ಮಗಳು, ನನ್ನ ಮೊಮ್ಮಗಳು ಭವ್ಯ ಕೋಲಾರದಲ್ಲಿ ಡಿಗ್ರಿ ಓದುತ್ತಾಳೆ. ಹುಟ್ಟುವಾಗ ತಡವಾಗಿ ಅತ್ತ ಮಗು. ಪುಸ್ತಕ ಹಿಡಿದರೆ ಅಕ್ಷರಗಳು ಅವಳಿಗೆ ಒಂದರ ಮೇಲೊಂದು ಬೀಳುತ್ತವೆ. ಕಿವಿಯಿಂದ ಕೇಳಿದ್ದನ್ನು ಮಾತ್ರ ಮರೆಯುವುದಿಲ್ಲ. ಅದಕ್ಕೇ ಕಾಲೇಜಿನವರು ಪಾಠವನ್ನು ಫೋನಿಗೆ ಹಾಕಿಕೊಡುತ್ತಾರೆ. ಪರೀಕ್ಷೆಯಲ್ಲಿ ಅವಳು ಹೇಳಿದ್ದನ್ನು ಬರೆಯಲು ಬೇರೆಯವರನ್ನು ಕೂರಿಸುತ್ತಾರೆ. ಸರ್ಕಾರವೇ ಕೊಟ್ಟ ಅನುಕೂಲ ಅದು.

ಮೊದಲ ಪರೀಕ್ಷೆಯಲ್ಲಿ ಬರೆಯುವ ಹುಡುಗಿ ಪೆನ್ನು ಹಿಡಿದು ಕೂತಿದ್ದಳಂತೆ. ಭವ್ಯ ಬಾಯಿ ತೆರೆಯಲಿಲ್ಲ. ಗುರುತಿಲ್ಲದವರ ಮುಂದೆ ಅವಳಿಗೆ ಗಂಟಲು ಕಟ್ಟುತ್ತದೆ. ಖಾಲಿ ಹಾಳೆ ಕೊಟ್ಟು ಬಂದಳು, ಫೇಲಾದಳು.

ನಾನು ದಿನವೂ ಅವಳ ಜೊತೆ ಬಸ್ಸಿನಲ್ಲಿ ಹೋಗಿ ಕಾಲೇಜಿನ ಹೊರಗೆ ಹೊಂಗೆ ಮರದ ಕೆಳಗೆ ಕೂರುತ್ತಿದ್ದೆ. ಅವಳ ಮೇಡಂ ಅಲ್ಲಿಗೇ ಬಂದರು.

"ಅಜ್ಜಿ, ಬರೆಯೋಕೆ ನಾವು ಜನ ಕೊಡ್ತೀವಿ. ಹೇಳೋದು ಅವಳೇ ಹೇಳ್ಬೇಕು. ಯಾರೇನು ಕೇಳಿದ್ರೂ ನೀವೇ ಮುಂದೆ ಬಾಯಿ ಹಾಕ್ತೀರ."

"ನಾನು ಹಾಕ್ದಿದ್ರೆ ಇನ್ಯಾರು ಹಾಕ್ತಾರೆ ತಾಯಿ?"

"ಅದನ್ನೇ ನೋಡೋಣ ಅಂತಿದೀನಿ. ಮುಂದಿನ ಪರೀಕ್ಷೇಲೂ ಹಿಂಗೇ ಆದ್ರೆ ಅವಳೇ ಕಾಲೇಜು ಬಿಟ್ಬಿಡ್ತಾಳೆ."

ಮನೆಯಲ್ಲಿ ರತ್ನ, "ಸಾಕು ಬಿಡಿ ಅತ್ತೆ. ಡೈರಿಗೆ ಹಾಲು ಹಾಕ್ಕೊಂಡು ಮನೇಲಿರ್ಲಿ" ಎಂದಳು. ಡೈರಿಯ ಕೆಲಸವೇನೂ ಕೀಳಲ್ಲ, ನಾನೂ ಅದನ್ನೇ ಮಾಡಿದವಳು. ಆದರೆ ಹೆದರಿಕೊಂಡು ಮನೆ ಸೇರುವುದು ಬೇರೆ.

ಪ್ರತಿ ಸಂಕಷ್ಟಿಗೂ ನಾನು ಕುರುಡುಮಲೆಯ ಗಣಪನ ಗುಡಿಗೆ ಹೋಗುವವಳು. ಆ ಸಲ ಎತ್ತರದ ಗಣಪನ ಮುಂದೆ ನಿಂತು ಒಂದು ಹರಕೆ ಮಾಡಿದೆ. "ಇವತ್ತಿಂದ ಬಸ್ಸಲ್ಲಿ ನನ್ನ ಬಾಯಿ ನಿನ್ನದು. ಮೌನ. ನನ್ನ ಮೊಮ್ಮಗಳು ಅವಳ ಬಾಯಲ್ಲೇ ಟಿಕೆಟ್ ಕೇಳಿ ನನ್ನ ಇಲ್ಲಿಗೆ ಕರ್ಕೊಂಡ್ ಬರೋವರ್ಗೂ ನಿನ್ನ ಮುಖ ನೋಡಲ್ಲ. ಉಪವಾಸ ಮನೇಲೇ ಮಾಡ್ತೀನಿ." ಅರ್ಚಕರು ನನ್ನನ್ನೇ ನೋಡಿದರು. ನೋಡಲಿ ಬಿಡಿ.

ಸರ್ಕಾರಿ ಬಸ್ಸಿನಲ್ಲಿ ಹೆಂಗಸರು ದುಡ್ಡು ಕೊಡಬೇಕಿಲ್ಲ. ಆದರೂ ಊರು ಹೇಳಿ ಚೀಟಿ ತೆಗೆದುಕೊಳ್ಳಬೇಕು. ಮಾರನೆಯ ಬೆಳಗ್ಗೆ ಹೊಸ ಕಂಡಕ್ಟರ್ ಬಂದ.

"ಎಲ್ಲಿಗಜ್ಜಿ?"

ನಾನು ಕಿಟಕಿಯ ಕಡೆ ತಿರುಗಿದೆ. ಭವ್ಯ ನನ್ನ ಸೆರಗು ಹಿಡಿದಳು.

ನಮಗೆ ಕನ್ನಡ ಬರುವುದಿಲ್ಲವೇನೋ ಎಂದುಕೊಂಡು ಅದನ್ನೇ ತೆಲುಗಿನಲ್ಲೂ ಕೇಳಿದ, "ಎಕ್ಕಡಿಕವ್ವಾ?" ನಾವು ಮನೆಯಲ್ಲಿ ಆಡುವುದೇ ತೆಲುಗು. ಆದರೂ ಸುಮ್ಮನಿದ್ದೆ.

"ಎಲ್ಲಿಗೆ ಅಂತ ಹೇಳ್ದಿದ್ರೆ ಟಿಕೆಟ್ ಹೆಂಗ್ ಹರೀಲಿ? ಚೆಕಿಂಗ್ ಬಂದ್ರೆ ನನ್ನ ತಲೆಗೆ ಬರುತ್ತೆ. ಇಳೀರಿ."

ಇಳಿದೆವು. ರಸ್ತೆಯಲ್ಲಿ ಭವ್ಯ ಅಳುತ್ತಾ, "ಹೇಳ್ಬಾರ್ದಾಗಿತ್ತಾ ಅಜ್ಜಿ?" ಎಂದಳು.

"ಬಸ್ಸಲ್ಲಿ ನನ್ನ ಬಾಯಿ ಗಣಪನದ್ದು ಕಣೇ. ನಿನ್ನ ಬಾಯಿ ನಿನ್ನದು."

ಆಮೇಲಾಮೇಲೆ ಎರಡು ಬೆರಳು ತೋರಿಸಲು ಕಲಿತಳು. ಕಂಡಕ್ಟರ್, "ಎರಡು ಸರಿ, ಎಲ್ಲಿಗೆ? ಕಾಶಿಗಾ?" ಎನ್ನುತ್ತಿದ್ದ. ಜನ ನಗುತ್ತಿದ್ದರು. ಯಾರಾದರೂ ಹೆಂಗಸು ಕನಿಕರಪಟ್ಟು, "ಕೋಲಾರಕ್ಕೆ ಕೊಡಪ್ಪ" ಎಂದುಬಿಡುತ್ತಿದ್ದಳು. ಆ ಕನಿಕರ ನನಗೆ ಬೇಕಿರಲಿಲ್ಲ, ಆದರೆ ಬೇಡ ಎನ್ನಲು ಬಾಯಿ ಬಿಡುವ ಹಾಗಿಲ್ಲವಲ್ಲ.

ಅತ್ತ ಮೇಡಂ ದಿನವೂ ತರಗತಿಯಲ್ಲಿ ಅವಳಿಗೊಂದು ಪ್ರಶ್ನೆ ಕೇಳಿ, ಉತ್ತರ ಬರುವವರೆಗೂ ಕಾಯುತ್ತಿದ್ದರಂತೆ. ಒಂದೊಂದು ಮಾತು ಬರುತ್ತಿತ್ತಂತೆ. ಬಸ್ಸಿನಲ್ಲಿ ಮಾತ್ರ ಅದೂ ಇಲ್ಲ. ದೀಪಾವಳಿ ಕಳೆಯಿತು. ಪರೀಕ್ಷೆ ಹತ್ತಿರ ಬಂತು. ನಾನು ದೇವರ ಗೂಡಿನ ಮುಂದೆ ಕೂತು ಗಣಪನನ್ನು ಬೈದೆ. ಇಷ್ಟು ದೊಡ್ಡ ಕಿವಿ ಇಟ್ಟುಕೊಂಡು ಕೇಳಿಸುವುದಿಲ್ಲವೇ ಎಂದೆ.

ಪರೀಕ್ಷೆಗೆ ಮುಂಚಿನ ಸಂಕಷ್ಟಿಯ ದಿನ ಉಪವಾಸ. ನನಗೆ ಸಕ್ಕರೆ ಕಾಯಿಲೆ ಇದೆ. ಈ ಸಲ ಮಾತ್ರೆ ತಪ್ಪಿಸಬಾರದು ಎಂದು ಬೆಳಗ್ಗೆ ಬರಿಹೊಟ್ಟೆಗೆ ನುಂಗಿ ಬಸ್ಸು ಹತ್ತಿದೆ. ದಾರಿಯಲ್ಲಿ ಮೈ ನಡುಗಿತು. ಬೆವರು ಸುರಿಯಿತು. ಕಣ್ಣು ಮಂಜಾಯಿತು. ಆಗ ಬಾಯಿ ಬಿಡಬೇಕೆಂದರೂ ನಾಲಿಗೆ ಏಳಲಿಲ್ಲ. ಸುತ್ತಲಿನವರ ಮಾತು ಮಾತ್ರ ಕೇಳಿಸುತ್ತಿತ್ತು.

"ಈ ಅಜ್ಜಿ ಯಾವತ್ತೂ ಮಾತಾಡಲ್ಲ ಬಿಡ್ರಿ" ಎಂದು ಕಂಡಕ್ಟರ್ ಮುಂದೆ ಹೋದ. ನನ್ನ ಹರಕೆ ಊರಿಗೆಲ್ಲ ಗೊತ್ತಿತ್ತು. ಯಾರೂ ತಿರುಗಿ ನೋಡಲಿಲ್ಲ.

ನನ್ನ ಕೈ ಹಿಡಿದಿದ್ದವಳು ಭವ್ಯ. ಒದ್ದೆ ಕೈ. ಅವಳು ಎದ್ದು ನಿಂತಳು.

"ಇದು ಮೌನ ಅಲ್ಲ. ನಮ್ಮಜ್ಜಿಗೆ ಏನೋ ಆಗಿದೆ. ಡ್ರೈವರಣ್ಣ, ಆಸ್ಪತ್ರೆ ಹತ್ರ ನಿಲ್ಸಿ."

ಡ್ರೈವರ್ ಎಲ್ಲೂ ನಿಲ್ಲಿಸದೆ ಕೋಲಾರದ ಆಸ್ಪತ್ರೆಯ ಗೇಟಿಗೇ ತಂದು ನಿಲ್ಲಿಸಿದ. ಕಂಡಕ್ಟರೂ ಅವಳೂ ನನ್ನನ್ನು ಹಿಡಿದು ಒಳಗೆ ಸೇರಿಸಿದರು.

"ಪೇಷೆಂಟ್ ಜೊತೆ ಯಾರಿದೀರಾ?" ಎಂದರು ನರ್ಸು.

"ನಾನು" ಎಂದಳು ಭವ್ಯ. "ಅಜ್ಜಿಗೆ ಸಕ್ಕರೆ ಇದೆ. ಇವತ್ತು ಸಂಕಷ್ಟಿ, ಏನೂ ತಿಂದಿಲ್ಲ. ಮಾತ್ರೆ ನುಂಗಿದ್ದಾಳೆ." ಮಾತ್ರೆಯ ಹೆಸರನ್ನೂ ಹೇಳಿದಳು. ಔಷಧಿ ಅಂಗಡಿಯವನು ಅಂದಿದ್ದು ಅವಳ ಕಿವಿಯಲ್ಲಿ ಉಳಿದಿತ್ತು.

ಗ್ಲೂಕೋಸ್ ಏರಿಸಿದರು. ಕಣ್ಣು ತಿಳಿಯಾಯಿತು. ಡಾಕ್ಟರ್ ನನ್ನನ್ನು ಚೆನ್ನಾಗಿ ಬೈದರು. ಬೈಯಬೇಕಾದ್ದೇ. ನೀವೂ ಕೇಳಿ, ಸಕ್ಕರೆ ಇರುವವರು ಡಾಕ್ಟರನ್ನು ಕೇಳದೆ ಉಪವಾಸ ಮಾಡಬೇಡಿ. ಗಣಪ ಅಂಥ ಉಪವಾಸ ಬೇಡುವುದಿಲ್ಲ.

ಸಂಜೆ ವಾಪಸು ಬಸ್ಸು ಹತ್ತಿದೆವು. ಬೇರೆ ಕಂಡಕ್ಟರ್. "ಎಲ್ಲಿಗಮ್ಮ?" ಎಂದ. ನಾನು ಬಾಯಿ ಬಿಗಿಹಿಡಿದು ಕೂತೆ. ಭವ್ಯ ತಲೆ ಎತ್ತಿದಳು. ಅವನು ಮುಂದಿನ ಸೀಟಿಗೆ ತಿರುಗಿಯೇ ಬಿಟ್ಟಿದ್ದ.

"ಕ್ಯಾಲನೂರು. ಎರಡು ಕೊಡಿ ಅಣ್ಣ."

ಮೆಲ್ಲಗೆ ಹೇಳಿದಳು. ಆದರೆ ಹೇಳಿದಳು.

ಆ ಪರೀಕ್ಷೆಯಲ್ಲಿ ಬರೆಯುವ ಹುಡುಗಿಗೆ ಕೈ ನೋವು ಬರುವಷ್ಟು ಹೇಳಿದಳಂತೆ. ನಡುವೆ ಒಮ್ಮೆ ತಾನೇ ನೀರು ಕೇಳಿ ಕುಡಿದು ಮುಂದುವರಿಸಿದಳಂತೆ. ಪಾಸಾದಳು. ಹಿಂದೆ ಫೇಲಾಗಿದ್ದ ಪೇಪರೂ ಪಾಸಾಯಿತು.

ಆಮೇಲೆ ಅವಳೇ ನನ್ನನ್ನು ಕುರುಡುಮಲೆಗೆ ಹೊರಡಿಸಿದಳು. ಮುಳಬಾಗಿಲಿನಲ್ಲಿ ಬಸ್ಸು ಬದಲಿಸಬೇಕು. ಬೋರ್ಡು ಓದಲಾಗದೆ ನಿಂತಳು. ನಾನು ಸುಮ್ಮನಿದ್ದೆ. ಹೂ ಮಾರುವವಳನ್ನು ವಿಚಾರಿಸಿಕೊಂಡು ಬಂದು, "ಬಾ ಅಜ್ಜಿ, ಆ ಕಡೇದು" ಎಂದಳು. ನಾನು ಅವಳ ಹಿಂದೆ ನಡೆದೆ.

ಗಣಪನ ಮುಂದೆ ಅರ್ಚಕರು ಕೇಳಿದರು. "ಅರ್ಚನೆ ಯಾರ ಹೆಸರಿಗಮ್ಮ?"

ನಾನು ಬಾಯಿ ತೆರೆದೇಬಿಟ್ಟಿದ್ದೆ. ಅಷ್ಟರಲ್ಲಿ ಅವಳು ಹೇಳಿದಳು.

"ಭವ್ಯ. ನನ್ನ ಹೆಸರಿಗೆ. ಅಜ್ಜಿ ಹೆಸರಿಗೆ ಇನ್ನೊಂದು ಮಾಡಿ, ಮುನಿಯಮ್ಮ ಅಂತ."

ಈಗ ಅವಳು ಕಾಲೇಜಿಗೆ ಒಬ್ಬಳೇ ಹೋಗಿ ಬರುತ್ತಾಳೆ. ಹರಕೆ ತೀರಿತು, ಇನ್ನು ಬಸ್ಸಿನಲ್ಲಿ ಮಾತಾಡಬಹುದು ಎಂದು ರತ್ನ ಹೇಳುತ್ತಾಳೆ. ಭವ್ಯ ಜೊತೆಗಿದ್ದರೆ ನಾನು ಈಗಲೂ ಮಾತಾಡುವುದಿಲ್ಲ. ಗಣಪನಿಗೆ ಕೊಟ್ಟ ಬಾಯಿ ಅವನ ಹತ್ತಿರವೇ ಇರಲಿ. ಅವನು ನಡೆಸಿಕೊಟ್ಟಿದ್ದಕ್ಕೆ ನನ್ನ ನಮಸ್ಕಾರ.