ಇಳಿಸಿದ ಮೇಲೂ ತುಂಬಿದ್ದ ಫ್ಲಾಪಿ

ಆಳಂದಕ್ಕೆ ಕಂಪ್ಯೂಟರು ಹೊಸದಾಗಿದ್ದ ಕಾಲ. ಶರಣಮ್ಮ ಎಂಬವರ ಛಾಪಖಾನೆಗೆ ಲಗ್ನಪತ್ರಿಕೆ ಬಿಡಿಸುವ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಅವರು ಕೈಯಾರೆ ಬರೆದ ಹೂಬಳ್ಳಿಗಳೆಲ್ಲ ಅದರೊಳಗಿದ್ದವು. ಗಿರಾಕಿಗಳು ಬರುತ್ತಿದ್ದುದೇ ಅವಕ್ಕಾಗಿ. ಫ್ಲಾಪಿ ಹಾಕಿ ಗುಂಡಿ ಒತ್ತಿದರೆ ಯಾವ ಕಂಪ್ಯೂಟರಿನಲ್ಲಾದರೂ ತಾನೇ ಹೋಗಿ ಕೂರುವಂತೆ ಅದನ್ನು ಕಟ್ಟಿದ್ದೆ. ಆ ಬಗ್ಗೆ ಹೆಮ್ಮೆಯೂ ಇತ್ತು.

ಕೆಲಸ ಮುಗಿಸಿ ಫ್ಲಾಪಿಗಳನ್ನು ಚೀಲಕ್ಕೆ ಹಾಕುವಾಗ ಶರಣಮ್ಮ ತಡೆದರು.

“ಅವು ಈಗ ಖಾಲಿ ಆದವೇನ್ರಿ?”

“ಇಲ್ರಿ. ಮಷೀನಿನ್ಯಾಗ ಇಳದದ್ದು ನಕಲು. ಇದ್ರಾಗೂ ಎಲ್ಲಾ ಹಂಗೇ ಇರ್ತದ.”

“ಅಂದ್ರ ನಾಳಿಗಿ ಅಫಜಲಪುರದ ಪ್ರೆಸ್ಸಿನ್ಯಾಗೂ ನನ್ನ ಹೂವು ಇಳಸಬಹುದು?”

ಹಾಗೆ ಮಾಡುವುದಿಲ್ಲ ಎಂದೆ. ನಂಬಲಿಲ್ಲ. ಫ್ಲಾಪಿಗಳನ್ನು ತಿಜೋರಿಗೆ ಹಾಕಿ ಬೀಗ ಜಡಿದರು.

“ನಿಮ್ಮ ಮನ್ಯಾಗೂ ಒಂದು ನಕಲು ಇರಬೇಕಲ್ರಿ?”

ಇದೆ ಎಂದೆ. ನಾನು ಊರಿಗೆ ಹೊರಟ ಬಸ್ಸನ್ನೇ ಹತ್ತಿ ನನ್ನ ಸಂಗಡ ಗುಲಬರ್ಗಾದ ಮನೆಗೆ ಬಂದರು. ಎಲ್ಲ ಅಳಿಸುವವರೆಗೆ ಕಂಪ್ಯೂಟರಿನ ಮುಂದಿನಿಂದ ಏಳಲಿಲ್ಲ. ನನಗೆ ಅವಮಾನವಾಗಿತ್ತು, ಆದರೂ ಅಳಿಸಿದೆ.

ಚಹಾ ತಂದ ನನ್ನ ಹೆಂಡತಿಯನ್ನು ಕೇಳಿದರು: “ತಂಗಿ, ಇವ್ರು ಖರೇನ ಅಳಿಸ್ಯಾರಂತೀಯೇನು?”

ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ಹೌದು ಎನ್ನಲು ಅವಳಿಗೆ ಅಷ್ಟು ಹೊತ್ತು ಯಾಕೆ ಬೇಕಾಯಿತೋ, ಇವತ್ತಿಗೂ ಕೇಳುವ ಧೈರ್ಯವಾಗಿಲ್ಲ.